ಹದಿನೇಳನೇ ಲಾಟ್ ಯಾವುದು? ಒಣದ್ರಾಕ್ಷಿಯ ಹಾದಿಯಲ್ಲಿ ಆಂಟಾಲಜಿ

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಮೂರು ವಹಿಗಳನ್ನು ಮುಂದಿಟ್ಟುಕೊಂಡು ಕೂತಿದ್ದೆವು. ಒಂದು ನಮ್ಮ ಕಾಕಾನದು. ತಿಕೋಟಾ ಕಡೆಯ ತೋಟದಲ್ಲಿ ಯಾವ ಪ್ಲಾಟು ಯಾವತ್ತು ಕಟಾವು ಆಯಿತು, ಎಷ್ಟು ಕ್ರೇಟು ಬಂತು ಎಂಬ ಲೆಕ್ಕ. ಎರಡನೆಯದು ಒಣಗಿಸುವ ಶೆಡ್ಡಿನದು: ಯಾವ ರ‍್ಯಾಕಿಗೆ ಎಷ್ಟು ಏರಿಸಿದರು, ಯಾವತ್ತು ಇಳಿಸಿದರು. ಮೂರನೆಯದು ಕೋಲ್ಡ್ ಸ್ಟೋರೇಜಿನದೇ: ಎಷ್ಟು ಬಾಕ್ಸು, ಯಾವ ಚೇಂಬರು. ಮಾಲು ಒಯ್ದಿದ್ದ ವ್ಯಾಪಾರಿ ಫೋನ್ ಮಾಡಿದ್ದರು. ಕೆಲವು ಬಾಕ್ಸಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಕಂದು ಬಣ್ಣಕ್ಕೆ ತಿರುಗಿದೆ, ಅದು ಯಾವ ತೋಟದ್ದು, ಯಾಕೆ ಹಾಗಾಯಿತು ಎಂದು ಅವರ ಪ್ರಶ್ನೆ.

"ಯಾವ ಲಾಟಿನ ಸುದ್ದಿ ಕೇಳಾಕತ್ತಾರ ಅವ್ರು?" ಎಂದರು ಕಾಕಾ.

"ಹದಿನೇಳನೇ ಲಾಟ್ ಕಾಕಾರ," ಎಂದ ಆಫೀಸಿನ ಹುಡುಗ.

"ನಮ್ಮ ಹದಿನೇಳನೇ ಲಾಟ್ ಇನ್ನೂ ಶೆಡ್ಡಿನ್ಯಾಗ ಐತಲ್ಲೋ ತಮ್ಮಾ!"

ಕಾಕಾನಿಗೆ ಲಾಟ್ ಅಂದರೆ ಒಂದು ದಿನದ ಕಟಾವು. ಶೆಡ್ಡಿನವರಿಗೆ, ಒಟ್ಟಿಗೆ ರ‍್ಯಾಕಿಗೆ ಏರಿ ಒಟ್ಟಿಗೆ ಇಳಿದ ಹಣ್ಣು. ಕೋಲ್ಡ್ ಸ್ಟೋರೇಜಿಗೆ, ಒಂದು ಗಾಡಿಯಲ್ಲಿ ಬಂದು ಒಂದು ರಸೀದಿಯಲ್ಲಿ ಜಮಾ ಆದ ಬಾಕ್ಸುಗಳು. ವ್ಯಾಪಾರಿಗೆ, ಹರಾಜಿನಲ್ಲಿ ಒಂದೇ ದರಕ್ಕೆ ಕೂಗಿಸಿಕೊಂಡ ಮಾಲು. ಯಾರೂ ತಪ್ಪು ಬರೆದಿರಲಿಲ್ಲ, ಯಾರೂ ಬರೆಯದೆ ಬಿಟ್ಟಿರಲಿಲ್ಲ. ನಾನು ಸಾಫ್ಟ್‌ವೇರ್ ಕೆಲಸದವನು. ಮೂರೂ ವಹಿಗಳನ್ನು ಎಕ್ಸೆಲ್‌ಗೆ ಹಾಕಿ ಲಾಟ್ ನಂಬರಿನ ಮೇಲೆ ಜೋಡಿಸಿದರೆ ಮುಗಿಯಿತು ಎಂದುಕೊಂಡು ಬಂದಿದ್ದೆ. ಹಾಗೆ ಮಾಡಿದ್ದರೆ 17ಕ್ಕೆ 17 ಕೂಡಿಕೊಂಡು, ಇನ್ನೂ ರ‍್ಯಾಕಿನ ಮೇಲಿದ್ದ ಹಣ್ಣು ಮಾರಾಟವಾಗಿ ಹೋದಂತೆ ಕಾಣುತ್ತಿತ್ತು. ಮಾಹಿತಿ ಬೇಕಾದಷ್ಟಿತ್ತು. ಯಾವ ಮಾತಿಗೆ ಯಾವ ಅರ್ಥ ಎಂಬ ಒಪ್ಪಂದ ಮಾತ್ರ ಎಲ್ಲೂ ಬರೆದಿರಲಿಲ್ಲ. ಅಂಥ ಒಪ್ಪಂದವನ್ನು ಮನುಷ್ಯರಿಗೂ ಕಂಪ್ಯೂಟರಿಗೂ ತಿಳಿಯುವಂತೆ ಬರೆದಿಟ್ಟರೆ ಅದನ್ನು ಆಂಟಾಲಜಿ ಎನ್ನುತ್ತಾರೆ.

ಹೆಸರು ಗ್ರೀಕ್ ಮೂಲದ್ದು, ತತ್ವಶಾಸ್ತ್ರದಿಂದ ಬಂದದ್ದು. ಏನೇನು ಇದೆ, ಇರುವುದು ಎಷ್ಟು ಬಗೆಯದು ಎಂದು ವಿಚಾರಿಸುವ ಶಾಖೆ ಅದು. ನಮ್ಮಲ್ಲಿ ವೈಶೇಷಿಕ ದರ್ಶನದವರು ಮಾಡಿದ ಕೆಲಸವೂ ಇದೇ. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರು ಪದಾರ್ಥ ಎಣಿಸಿದರು. ಪದಾರ್ಥ ಎಂದರೆ ಬಿಡಿಸಿ ನೋಡಿದರೆ ಪದದ ಅರ್ಥ. ದ್ರಾಕ್ಷಿ ದ್ರವ್ಯ, ಅದರ ಬಣ್ಣ ಗುಣ, ಒಣಗಿಸುವುದು ಕರ್ಮ. ಈ ಮೂರನ್ನು ಒಂದರೊಳಗೊಂದು ಕಲಸದೆ ಬೇರೆ ಬೇರೆ ಇಡಲು ಬಂದರೆ ಆಂಟಾಲಜಿ ಅರ್ಧ ಬಂದ ಹಾಗೆ. ಆಮೇಲಿನವರು ಏಳನೆಯದಾಗಿ ಅಭಾವವನ್ನೂ, ಅಂದರೆ ಇಲ್ಲದಿರುವುದನ್ನೂ, ಸೇರಿಸಿದರು. ಅದು ನಮ್ಮ ಕಥೆಯಲ್ಲೂ ಮುಂದೆ ಬರುತ್ತದೆ.

ಕಂಪ್ಯೂಟರ್ ಲೋಕದಲ್ಲಿ ಈ ಮಾತಿಗೆ ಇಂದು ಎಲ್ಲರೂ ಬಳಸುವ ಅರ್ಥ ಕೊಟ್ಟವರು ಟಾಮ್ ಗ್ರೂಬರ್, 1993ರಲ್ಲಿ. ಒಂದು ಕ್ಷೇತ್ರವನ್ನು ನಾವು ಮನಸ್ಸಿನಲ್ಲಿ ಹೇಗೆ ವಿಂಗಡಿಸಿಕೊಂಡಿದ್ದೇವೆಯೋ ಅದನ್ನು ಬಿಡಿಸಿ ಹೇಳುವ ಬರಹವೇ ಆಂಟಾಲಜಿ ಎಂಬುದು ಅದರ ತಿರುಳು. ಅದನ್ನು ಬರೆಯುವ ಭಾಷೆಗೆ ಔಲ್ ಎಂದು ಹೆಸರು. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ 2004ರಲ್ಲಿ ಅದನ್ನು ಹೊರತಂದಿತು, 2009ರಲ್ಲಿ ಎರಡನೇ ಆವೃತ್ತಿ ಬಂತು.

ಬರೆಯುವ ರೀತಿ ಸರಳ. ಕರ್ತೃ, ಸಂಬಂಧ, ಕರ್ಮ ಎಂದು ಮೂರು ತುಂಡಿನ ಸಣ್ಣ ವಾಕ್ಯಗಳು. 'ಬಾಕ್ಸ್ 204 ಸೇರಿದ್ದು ಗ್ರೇಡ್ ಲಾಟ್ 9ಕ್ಕೆ.' 'ಗ್ರೇಡ್ ಲಾಟ್ 9ರ ಮೂಲ ಒಣಗಿಸುವಿಕೆ 31.' 'ಒಣಗಿಸುವಿಕೆ 31ರ ಮೂಲ ಕಟಾವು 12.' 'ಕಟಾವು 12 ನಡೆದದ್ದು ಬಾವಿ ಪ್ಲಾಟಿನಲ್ಲಿ.' ಇಂಥ ಸಾವಿರಾರು ವಾಕ್ಯಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಇಷ್ಟೇ ಆಗಿದ್ದರೆ ಇದೂ ಇನ್ನೊಂದು ವಹಿ. ಆದರೆ ಆಂಟಾಲಜಿಯಲ್ಲಿ ಸಂಬಂಧಗಳ ಸ್ವಭಾವವನ್ನೂ ಹೇಳಬಹುದು. 'ಮೂಲ' ಎಂಬುದು ಹರಿದು ಹೋಗುವ ಸಂಬಂಧ, ಮೂಲದ ಮೂಲವೂ ಮೂಲವೇ ಎಂದು ಒಂದೇ ಒಂದು ನಿಯಮ ಬರೆದರೆ ಸಾಕು. ಗ್ರೇಡ್ ಲಾಟಿನ ಮೂಲ ಯಾವ ಕಟಾವು ಎಂದು ಯಾರೂ ಬರೆಯದಿದ್ದರೂ ಕಂಪ್ಯೂಟರ್ ತಾನೇ ಹೇಳುತ್ತದೆ. ಹೀಗೆ ತರ್ಕ ಮಾಡುವ ಸಾಧನಕ್ಕೆ ರೀಸನರ್ ಎನ್ನುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಪ್ರೊಟೆಜೆ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೆಲ್ಲ ಮನೆಯ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಬಹುದು.

ನಾವು ಮೊದಲು ಎಡವಿದ್ದು 'ರೈತ' ಎಂಬ ಮಾತಿನಲ್ಲಿ. ರೈತ ಒಂದು ವರ್ಗ, ಶೆಡ್ ಮಾಲೀಕ ಇನ್ನೊಂದು, ವ್ಯಾಪಾರಿ ಮತ್ತೊಂದು, ಒಬ್ಬನೇ ಎರಡು ವರ್ಗದಲ್ಲಿ ಇರುವಂತಿಲ್ಲ ಎಂದು ಬರೆದೆ. ಕಾಕಾನ ಹೆಸರು ಹಾಕಿದ ಕೂಡಲೇ ರೀಸನರ್ ವಿರೋಧವಿದೆ ಎಂದು ನಿಂತಿತು. ಕಾಕಾ ದ್ರಾಕ್ಷಿ ಬೆಳೆಯುತ್ತಾರೆ. ಅವರ ಶೆಡ್ಡಿನಲ್ಲಿ ಪಕ್ಕದ ಹೊಲದವರೂ ಬಾಡಿಗೆ ಕೊಟ್ಟು ಒಣಗಿಸುತ್ತಾರೆ. ದರ ಇಳಿದಾಗ ನೆಂಟರ ಮಾಲು ತೆಗೆದುಕೊಂಡು ಆಮೇಲೆ ಮಾರಿದ್ದೂ ಉಂಟು. ಅವರು ಒಬ್ಬ ಮನುಷ್ಯ. ಉಳಿದವೆಲ್ಲ ಅವರು ಆಯಾ ವ್ಯವಹಾರದಲ್ಲಿ ವಹಿಸುವ ಪಾತ್ರ. ಮನುಷ್ಯನನ್ನೂ ಪಾತ್ರವನ್ನೂ ಬೇರೆ ಮಾಡಿದ ಮೇಲೆ ವಿರೋಧ ಹೋಯಿತು. ಜೊತೆಗೆ ಮುಖ್ಯವಾದ ಒಂದು ಪ್ರಶ್ನೆ ಕೇಳಲು ದಾರಿಯಾಯಿತು: ತನ್ನ ಶೆಡ್ಡಿನಲ್ಲಿ ಒಣಗಿದ ಬೇರೆಯವರ ಮಾಲನ್ನು ಅದೇ ಶೆಡ್ಡಿನವ ಖರೀದಿ ಮಾಡಿದ ವ್ಯವಹಾರಗಳು ಯಾವುವು? ತೂಕದ ಬಗ್ಗೆ ತಕರಾರು ಬಂದಾಗ ಇದು ಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಒಣಗಿಸುವಿಕೆ. ಕಟಾವಾದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಹೋಗಲಿ ಎಂದು. ಆಮೇಲೆ ನೆರಳು ಬಲೆಯ ಕೆಳಗೆ, ಒಂದರ ಮೇಲೊಂದು ಬಲೆ ಬಿಗಿದ ರ‍್ಯಾಕುಗಳಲ್ಲಿ ಹರವುತ್ತಾರೆ. ಗಾಳಿ ಬಿಸಿಲು ಚೆನ್ನಾಗಿದ್ದರೆ ಎರಡು ವಾರ, ಇಲ್ಲದಿದ್ದರೆ ಇನ್ನೂ ನಾಲ್ಕೈದು ದಿನ. ಸುಮಾರು 4 ಕಿಲೋ ಹಸಿ ದ್ರಾಕ್ಷಿ ಹೋಗಿ 1 ಕಿಲೋ ಮಣೂಕ ಉಳಿಯುತ್ತದೆ. ಈಗ ಹೇಳಿ: ರ‍್ಯಾಕಿಗೆ ಏರಿದ ವಸ್ತುವೇ ಇಳಿದದ್ದೋ, ಅಥವಾ ಒಂದು ವಸ್ತು ಮುಗಿದು ಇನ್ನೊಂದು ಹುಟ್ಟಿತೋ?

ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೇಡಾದ ಗ್ರೇಪ್‌ನೆಟ್ ವ್ಯವಸ್ಥೆಯನ್ನು ರಫ್ತು ಮಾಡುವ ಬೆಳೆಗಾರರು ಬಲ್ಲರು. ಪ್ಲಾಟು ನೋಂದಣಿ, ಪ್ರಯೋಗಾಲಯದ ಪರೀಕ್ಷೆ, ಪ್ಯಾಕ್‌ಹೌಸು, ಪೆಟ್ಟಿಗೆ ಎಲ್ಲವನ್ನೂ ಅದು ಪೋಣಿಸುತ್ತದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಬಳ್ಳಿಯ ಬೆಳವಣಿಗೆ ಹಿಡಿದಿಡುವ ಕ್ಲೋರ್‌ಮೆಕ್ವಾಟ್ ಕ್ಲೋರೈಡಿನ ಶೇಷ ಸಿಕ್ಕು ರಫ್ತಿಗೆ ದೊಡ್ಡ ಪೆಟ್ಟು ಬಿದ್ದಾಗ, ಯಾವ ಮಾಲು ಯಾವ ತೋಟದ್ದು ಎಂಬ ಪ್ರಶ್ನೆಯ ಬೆಲೆ ಎಲ್ಲರಿಗೂ ತಿಳಿಯಿತು. ಆದರೆ ತಾಜಾ ಹಣ್ಣಿಗೆ ಒಂದು ಅನುಕೂಲವಿದೆ: ಬಳ್ಳಿಯಿಂದ ಇಳಿದ ಗೊಂಚಲೇ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಮಣೂಕದಲ್ಲಿ ಹಾಗಲ್ಲ. ತೂಕ ಬದಲು, ಬಣ್ಣ ಬದಲು, ರುಚಿ ಬದಲು, ಹೆಸರು ಬದಲು. ಜಗತ್ತಿನ ಬಾರ್‌ಕೋಡ್ ಮಾನದಂಡ ನೋಡಿಕೊಳ್ಳುವ ಜಿಎಸ್‌1 ಸಂಸ್ಥೆಗೂ ಈ ತೊಡಕು ಬಂದಿತ್ತು. ಸರಕಿನ ಪ್ರಯಾಣವನ್ನು ಘಟನೆಗಳಾಗಿ ದಾಖಲಿಸುವ ಅದರ ಇಪಿಸಿಐಎಸ್ ಮಾನದಂಡ 2007ರಲ್ಲಿ ಬಂದಾಗ ಸಾಗಿಸಿದ್ದು, ಒಟ್ಟುಗೂಡಿಸಿದ್ದು, ವ್ಯವಹಾರ ಮಾಡಿದ್ದಕ್ಕೆಲ್ಲ ಜಾಗವಿತ್ತು. ಒಂದು ವಸ್ತು ಇನ್ನೊಂದಾಗುವ ರೂಪಾಂತರ ಘಟನೆ ಸೇರಿದ್ದು 2014ರ ಆವೃತ್ತಿಯಲ್ಲಿ.

ಹಾಗಾಗಿ ನಮ್ಮ ಮಾದರಿಯಲ್ಲಿ ಒಣಗಿಸುವಿಕೆ ಒಂದು ಕೊಂಡಿಯಲ್ಲ, ತಾನೇ ಒಂದು ಗಂಟು. ಅದಕ್ಕೆ ಹುಟ್ಟಿದ ಹೊತ್ತು, ಮುಗಿದ ಹೊತ್ತು, ಜಾಗ, ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಉಂಟು. ಇದು ಸಣ್ಣ ಮಾತಲ್ಲ. 'ಹಸಿ ದ್ರಾಕ್ಷಿ ಮಣೂಕ ಆಯಿತು' ಎಂದು ನೇರ ಗೆರೆ ಎಳೆದುಬಿಟ್ಟರೆ ಅದು ಎಲ್ಲಿ, ಯಾವಾಗ, ಯಾವ ಹವೆಯಲ್ಲಿ ಆಯಿತು ಎಂದು ನೇತುಹಾಕಲು ಗೂಟವೇ ಇರುವುದಿಲ್ಲ.

ಗೂಟ ಸಿಕ್ಕ ಮೇಲೆ ಲೆಕ್ಕ ತಾಳೆ ನೋಡಬಹುದು. ಒಂದು ಒಣಗಿಸುವಿಕೆಗೆ 8,000 ಕಿಲೋ ಹಣ್ಣು ಹೋಗಿದ್ದರೆ 2,000 ಕಿಲೋದ ಆಸುಪಾಸು ಬರಬೇಕು. ಸಕ್ಕರೆ ಏರಿದ ಹಣ್ಣಿಗೆ ಸ್ವಲ್ಪ ಹೆಚ್ಚು, ಎಳೆಯದಕ್ಕೆ ಸ್ವಲ್ಪ ಕಡಿಮೆ. 2,900 ಎಂದು ಬರೆದಿದ್ದರೆ ಹೊರಗಿನ ಮಾಲು ಸೇರಿದೆ, ಇಲ್ಲವೇ ತೂಕ ಬರೆಯುವಲ್ಲಿ ತಪ್ಪಿದೆ. ಇಲ್ಲಿ ಒಂದು ಎಚ್ಚರಿಕೆ: ಔಲ್ ತರ್ಕದಲ್ಲಿ ಗಟ್ಟಿ, ಅಂಕಗಣಿತದಲ್ಲಿ ದುರ್ಬಲ. ಇಂಥ ಕೂಡು ಕಳೆಯುವ ಲೆಕ್ಕಕ್ಕೆ ಸ್ಪಾರ್ಕ್ಲ್ ಎಂಬ ಪ್ರಶ್ನೆ ಕೇಳುವ ಭಾಷೆ ಬೇಕು. ಎಲ್ಲವನ್ನೂ ಒಂದೇ ಸಾಧನದಿಂದ ಮಾಡಿಸಲು ಹೋಗಿ ಕೈಬಿಟ್ಟವರನ್ನು ನೋಡಿದ್ದೇನೆ.

ಆಮೇಲೆ ಗ್ರೇಡಿಂಗ್ ಯಂತ್ರ. ನನ್ನ ಮಟ್ಟಿಗೆ ಇಡೀ ಸರಪಳಿಯಲ್ಲಿ ಸುಳಿವು ಕಳೆದುಹೋಗುವ ಜಾಗ ಇದೇ. ಕಾಕಾನ ಮಾಲು ಯಂತ್ರಕ್ಕೆ ಹಾಕಿದ ಬೆನ್ನಿಗೆ ಪಕ್ಕದವರ ಮಾಲು ಹಾಕುತ್ತಾರೆ, ನಡುವೆ ಯಂತ್ರ ಖಾಲಿ ಮಾಡುವುದಿಲ್ಲ. ಹೊರಗೆ ಬರುವುದು ಹಸಿರು, ಹಳದಿ, ಕಂದು ಎಂದು ಬಣ್ಣದ ಮೇಲೆ ಬೇರೆಯಾದ ಗುಡ್ಡೆಗಳು. ಹಳದಿ ಗುಡ್ಡೆಯಿಂದ ತುಂಬಿದ ಒಂದು ಬಾಕ್ಸನ್ನು ಹಿಡಿದು ಇದು ಯಾರದು ಎಂದರೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು 'ಇಬ್ಬರದೂ ಇರಬಹುದು' ಎಂದಷ್ಟೇ. ಆದ್ದರಿಂದ 'ಮೂಲ' ಎಂಬ ಒಂದು ಸಂಬಂಧ ಸಾಲದು. ಖಚಿತ ಮೂಲ, ಸಂಭವ ಮೂಲ ಎಂದು ಎರಡು ಬೇಕು; ಖಚಿತವಾದದ್ದೆಲ್ಲ ಸಂಭವವೂ ಹೌದು, ಸಂಭವವೆಲ್ಲ ಖಚಿತವಲ್ಲ. ಮಾಲಿನಲ್ಲಿ ಔಷಧಿಯ ಶೇಷ ಸಿಕ್ಕಿತು, ವಾಪಸ್ ಕರೆಸಬೇಕು ಎಂದಾಗ ಸಂಭವ ಮೂಲದ ಹಿಂದೆ ಹೋಗಬೇಕು. ಒಂದು ಬಾಕ್ಸು ತಪ್ಪಿದರೂ ತಿನ್ನುವವರಿಗೆ ತೊಂದರೆ. ಇದು ಇಂಥ ತೋಟದ್ದೇ ಎಂದು ಹೇಳಿ ಹೆಚ್ಚಿನ ದರ ಕೇಳುವಾಗ ಖಚಿತ ಮೂಲವೇ ಬೇಕು. ಅದೇ ಸರಪಳಿ, ಪ್ರಶ್ನೆ ಬೇರೆಯಾದರೆ ನಡೆಯುವ ದಾರಿ ಬೇರೆ. ಈ ಎರಡನ್ನು ಕಲಸಿದ ವ್ಯವಸ್ಥೆ ಒಂದು ಕಡೆ ಭಯ ಹುಟ್ಟಿಸುತ್ತದೆ, ಇನ್ನೊಂದು ಕಡೆ ಸುಳ್ಳು ಹೇಳುತ್ತದೆ.

ಈಗ ಅಭಾವಕ್ಕೆ ಬರೋಣ. ಒಣಗಿಸುವಾಗ ಬಣ್ಣ ಉಳಿಯಲಿ ಎಂದು ಗಂಧಕದ ಹೊಗೆ ಕೊಡುವುದುಂಟು. ಒಂದು ಲಾಟಿನ ಮುಂದೆ ಗಂಧಕದ ಬಗ್ಗೆ ಏನೂ ಬರೆದಿಲ್ಲ ಎನ್ನಿ. ಸಾಮಾನ್ಯ ಡೇಟಾಬೇಸು ಹುಡುಕಿ, ಸಿಗದಿದ್ದರೆ ಇಲ್ಲ ಎನ್ನುತ್ತದೆ. ಔಲ್ ಹಾಗೆ ಹೇಳುವುದಿಲ್ಲ. ಬರೆದಿಲ್ಲ ಎಂದ ಮಾತ್ರಕ್ಕೆ ನಡೆದಿಲ್ಲ ಎಂದಲ್ಲ, ತಿಳಿಯದು ಅಷ್ಟೇ, ಎಂಬುದು ಅದರ ನಿಲುವು. ಮೊದಲು ಇದು ಕಿರಿಕಿರಿ ಎನಿಸಿತು. ಆಮೇಲೆ ಯೋಚಿಸಿದೆ: ಬರೆಯಲು ಮರೆತ ಶೆಡ್ಡಿನ ಮಾಲಿಗೆ 'ಗಂಧಕ ಹಾಕದ್ದು' ಎಂದು ಚೀಟಿ ಅಂಟಿಸಿ ದಮ್ಮಿನ ತ್ರಾಸು ಇರುವವರ ಮನೆಗೆ ಹೋದರೆ? ಇಲ್ಲ ಎನ್ನಬೇಕಾದರೆ ಇಲ್ಲ ಎಂದು ಯಾರಾದರೂ ನೋಡಿ ಬರೆದಿರಬೇಕು. ಅದಕ್ಕಾಗಿ 2017ರಲ್ಲಿ ಬಂದ ಶ್ಯಾಕಲ್ ಎಂಬ ಇನ್ನೊಂದು ಭಾಷೆಯಿದೆ. ಪ್ರತಿ ಒಣಗಿಸುವಿಕೆಯ ಮುಂದೆ ಗಂಧಕ ಕೊಟ್ಟೆವು ಅಥವಾ ಕೊಡಲಿಲ್ಲ ಎಂದು ಎರಡರಲ್ಲಿ ಒಂದು ಇರಲೇಬೇಕು ಎಂದು ಅದರಲ್ಲಿ ಬರೆದೆವು. ಖಾಲಿ ಬಿಟ್ಟರೆ ದಾಖಲೆ ಅಪೂರ್ಣ ಎಂದು ಕೂಗುತ್ತದೆ.

ಇದೇ ಸ್ವಭಾವದ ಇನ್ನೊಂದು ಮುಖ ನನ್ನನ್ನು ಎರಡು ದಿನ ಕಾಡಿತು. ಒಂದು ಒಣಗಿಸುವಿಕೆ ನಡೆಯುವುದು ಒಂದೇ ಶೆಡ್ಡಿನಲ್ಲಿ ಎಂದು ನಿಯಮ ಬರೆದಿದ್ದೆ. ಬರೆಯುವಾಗ ಯಾರೋ ಒಂದೇ ಒಣಗಿಸುವಿಕೆಗೆ ಎರಡು ಶೆಡ್ಡಿನ ಹೆಸರು ಹಾಕಿದರು. ತಪ್ಪು ಹಿಡಿಯುತ್ತದೆ ಎಂದು ಕಾದೆ. ಹಿಡಿಯಲಿಲ್ಲ. ಒಂದೇ ಇರಬೇಕು ಎಂದಿದ್ದೀರಿ, ಎರಡು ಹೆಸರು ಕೊಟ್ಟಿದ್ದೀರಿ, ಅಂದರೆ ಎರಡೂ ಹೆಸರು ಒಂದೇ ಶೆಡ್ಡಿನವು ಎಂದು ರೀಸನರ್ ತೀರ್ಮಾನ ಮಾಡಿತು. ಎರಡು ಶೆಡ್ಡಿನ ಎಲ್ಲ ರ‍್ಯಾಕುಗಳೂ ಒಂದೇ ಶೆಡ್ಡಿನವಾಗಿಹೋದವು. ಊರಲ್ಲಿ ಒಬ್ಬರಿಗೇ ಎರಡು ಹೆಸರಿರುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಆ ಸಾಧ್ಯತೆಯನ್ನು ಅದು ತೆರೆದಿಟ್ಟಿತ್ತು. ಈ ಶೆಡ್ಡುಗಳೆಲ್ಲ ಬೇರೆ ಬೇರೆ ಎಂದು ಒಂದು ಸಾಲು ಸೇರಿಸಿದ ಮೇಲೆ ತಪ್ಪು ಹಿಡಿಯಿತು.

ಹೆಸರಿನ ಮಾತು ಬಂದಾಗ ಭಾಷೆಯದೂ ಒಂದು. ನಮ್ಮಲ್ಲಿ ಮಣೂಕ, ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಹೋದರೆ ಬೇದಾಣಾ, ಪುಸ್ತಕದಲ್ಲಿ ಒಣದ್ರಾಕ್ಷಿ. ಆಂಟಾಲಜಿಯಲ್ಲಿ ವಸ್ತುವಿಗೆ ಒಂದೇ ಗುರುತು, ಹೆಸರು ಎಷ್ಟು ಬೇಕಾದರೂ ಅಂಟಿಸಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಗ್ರೋವೋಕ್ ಎಂಬ ಕೃಷಿ ಶಬ್ದಭಂಡಾರ 40ಕ್ಕೂ ಹೆಚ್ಚು ಭಾಷೆಗಳನ್ನು ಹೀಗೆ ಹಿಡಿದಿಟ್ಟಿದೆ. ಅದರ ಗುರುತಿಗೆ ನಮ್ಮ ಗುರುತನ್ನು ಜೋಡಿಸಿಕೊಂಡರೆ ನಾಳೆ ಬೇರೆ ದೇಶದ ಖರೀದಿದಾರರ ಮಾಹಿತಿಯೊಂದಿಗೆ ಮಾತಾಡುವುದು ಸುಲಭ.

ವಿಶ್ಲೇಷಣೆಗೆ ಸಿದ್ಧ ಅಳತೆಗೋಲುಗಳೂ ಇವೆ. 1996ರಲ್ಲಿ ಬಂದ ಸ್ಕೋರ್ ಮಾದರಿ ಯೋಜನೆ, ಖರೀದಿ, ತಯಾರಿ, ತಲುಪಿಸುವಿಕೆ, ವಾಪಸಾತಿ ಮುಂತಾಗಿ ಪೂರೈಕೆ ಸರಪಳಿಯ ಕೆಲಸಗಳನ್ನು ವಿಂಗಡಿಸಿ ಪ್ರತಿಯೊಂದಕ್ಕೂ ಅಳತೆ ಕೊಡುತ್ತದೆ. ಅದರಲ್ಲಿ ನನಗೆ ಅತಿ ಮುಖ್ಯ ಎನಿಸಿದ್ದು, ಕೈಬಿಟ್ಟ ಹಣ ಕೈಗೆ ಮರಳಲು ಎಷ್ಟು ದಿನ ಎಂಬ ಅಳತೆ. ಕಾಕಾನ ಹಣ ಏಪ್ರಿಲ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಹೊರಡುತ್ತದೆ. ಅಕ್ಟೋಬರ್ ಚಾಟ್ನಿ, ಔಷಧಿ, ಕಟಾವು, ಶೆಡ್ಡು, ಕೋಲ್ಡ್ ಸ್ಟೋರೇಜಿನ ಬಾಡಿಗೆ ಎಲ್ಲ ದಾಟಿ ಬರುವಷ್ಟರಲ್ಲಿ ವರ್ಷ ಮೀರುತ್ತದೆ. ಹಾಗಾದರೆ ಮರಳಿದ್ದು ಯಾವತ್ತು? 'ಮಾಲ ಮಾರಿತು' ಎಂದು ಎಲ್ಲರೂ ಹೇಳುತ್ತಾರೆ. ಹರಾಜಿನಲ್ಲಿ ದರ ಕೂಗಿದ ದಿನವೋ, ಬಾಕ್ಸು ತೂಗಿದ ದಿನವೋ, ಅಡತಿ ಅಂಗಡಿಯಲ್ಲಿ ಪಟ್ಟಿ ಮಾಡಿಕೊಟ್ಟ ದಿನವೋ, ಖಾತೆಗೆ ದುಡ್ಡು ಬಿದ್ದ ದಿನವೋ? ವ್ಯಾಪಾರಿಯ ಲೆಕ್ಕದಲ್ಲಿ ಮೊದಲನೆಯ ದಿನಕ್ಕೇ ಮುಗಿದ ಮಾರಾಟ, ಬೆಳೆದವರ ಮನೆಯಲ್ಲಿ ನಾಲ್ಕನೆಯ ದಿನದವರೆಗೂ ಮುಗಿದಿರುವುದಿಲ್ಲ. ನಾವು 'ಮಾರಾಟ' ಎಂಬ ಮಾತನ್ನೇ ತೆಗೆದು ನಾಲ್ಕು ಘಟನೆಗಳನ್ನು ಇಟ್ಟೆವು. ಪಟ್ಟಿಯಾದ ದಿನಕ್ಕೂ ದುಡ್ಡು ಬಿದ್ದ ದಿನಕ್ಕೂ ನಡುವಿನ ಅಂತರ ಆಗ ತಾನಾಗಿ ಎದ್ದು ಕಂಡಿತು. ರೈತರ ಕಂಪನಿಗಳು ಈ ಒಂದು ಅಂತರವನ್ನು ಅಳೆಯಲು ಶುರು ಮಾಡಿದರೂ ಈ ಶ್ರಮ ಸಾರ್ಥಕ ಎಂದು ನನ್ನ ನಂಬಿಕೆ.

ಇದನ್ನು ಎಲ್ಲಿಂದ ಆರಂಭಿಸಬೇಕು ಎಂದು ಕೇಳುವವರಿಗೆ ಟೊರೊಂಟೊ ವಿಶ್ವವಿದ್ಯಾಲಯದ ಗ್ರೂನಿಂಗರ್ ಮತ್ತು ಫಾಕ್ಸ್ 1995ರಲ್ಲಿ ಹೇಳಿದ ದಾರಿಯೇ ಇಂದಿಗೂ ಒಳ್ಳೆಯದು: ಆಂಟಾಲಜಿ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದು ಮೊದಲು ಬರೆದುಕೊಳ್ಳಿ. ಆ ಪ್ರಶ್ನೆಗೆ ಬೇಕಾದ ವರ್ಗ, ಸಂಬಂಧ ಮಾತ್ರ ಇಡಿ, ಉಳಿದದ್ದು ಬಿಡಿ. ಇಡೀ ದ್ರಾಕ್ಷಿ ಲೋಕವನ್ನೇ ಹಿಡಿಯಲು ಹೋದರೆ ಸುಗ್ಗಿ ಮುಗಿದರೂ ಮಾದರಿ ಮುಗಿಯುವುದಿಲ್ಲ. ಪ್ರಶ್ನೆಗಳನ್ನು ಕೇಳಬೇಕಾದದ್ದು ಕೂಡ ಆಫೀಸಿನಲ್ಲಲ್ಲ, ಶೆಡ್ಡಿನಲ್ಲಿ, ರ‍್ಯಾಕು ತುಂಬುವ ಹೆಣ್ಣುಮಕ್ಕಳನ್ನು, ಬಾಕ್ಸು ಹೊರುವ ಹಮಾಲರನ್ನು. ಲಾಟ್ ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಎಂಬುದು ಅವರ ಕೈಗೆ ಗೊತ್ತಿರುತ್ತದೆ.

ನಮ್ಮ ಮೊದಲ ಪ್ರಶ್ನೆ ವ್ಯಾಪಾರಿ ಕೇಳಿದ್ದೇ: ಕಂದು ತಿರುಗಿದ ಬಾಕ್ಸು ಯಾವ ತೋಟದ್ದು? ಸಂಭವ ಮೂಲದ ದಾರಿಯಲ್ಲಿ ಹಿಂದೆ ಹೋದರೆ ಬಂದ ತೋಟಗಳು ಹಲವು, ಬೇರೆ ಬೇರೆ ಶೆಡ್ಡು, ಬೇರೆ ಬೇರೆ ಕಟಾವು. ಯಾವುದರಲ್ಲೂ ಒಂದೇ ಕಾರಣ ಕಾಣಲಿಲ್ಲ. ಕಾಕಾ ತಮ್ಮ ವಹಿ ತಿರುವುತ್ತಾ ಒಂದು ಪುಟದಲ್ಲಿ ನಿಂತರು. ಅಂಚಿನಲ್ಲಿ, ಲೆಕ್ಕದ ಗೆರೆಯ ಹೊರಗೆ, ಅಡ್ಡವಾಗಿ ಬರೆದಿತ್ತು: 'ರಾತ್ರಿ ಮಳಿ. ತಾಡಪತ್ರಿ ಸಾಲಲಿಲ್ಲ.'

"ಇದನ್ನ ನಿಮ್ಮ ಕಂಪ್ಯೂಟರಿನ್ಯಾಗ ಎಲ್ಲಿ ಬರೀತಿ ತಮ್ಮಾ? ಇದು ಯಾವ ಲಾಟಿಗೂ ಸೇರಿದ್ದಲ್ಲ."

ಹೌದು, ಯಾವ ಲಾಟಿಗೂ ಸೇರಿದ್ದಲ್ಲ. ಅದಕ್ಕೆ ಹೊತ್ತಿತ್ತು, ಜಾಗವಿತ್ತು, ಅಷ್ಟೇ. ಹವಾಮಾನ ಘಟನೆ ಎಂಬ ಹೊಸ ವರ್ಗ ಮಾಡಿ ಆ ರಾತ್ರಿಯ ತಾರೀಖು, ಊರಿನ ಹೆಸರು ಹಾಕಿದೆವು. ಒಣಗಿಸುವಿಕೆಗೂ ಹೊತ್ತು, ಜಾಗ ಮೊದಲೇ ಇದ್ದವಲ್ಲ. ಆ ರಾತ್ರಿ ಆ ಊರಿನಲ್ಲಿ ರ‍್ಯಾಕಿನ ಮೇಲೆ ಇದ್ದ ಒಣಗಿಸುವಿಕೆಗಳು ಯಾವುವು, ಅವುಗಳಿಂದ ಬಂದಿರಬಹುದಾದ ಬಾಕ್ಸುಗಳು ಈಗ ಎಲ್ಲಿವೆ ಎಂದು ಕೇಳಿದೆ. ವ್ಯಾಪಾರಿ ಹೇಳಿದ ಬಾಕ್ಸುಗಳೂ ಬಂದವು, ಜೊತೆಗೆ ಇದೇ ಕೋಲ್ಡ್ ಸ್ಟೋರೇಜಿನ ಎರಡನೇ ಚೇಂಬರಿನಲ್ಲಿ ಇನ್ನೂ ಮಾರದೆ ಉಳಿದಿದ್ದ ಒಂದು ಸಾಲೂ ಬಂತು. ಅವುಗಳ ಮೇಲೆ ಮಳೆ ಎಂದು ಯಾರೂ ಎಲ್ಲೂ ಬರೆದಿರಲಿಲ್ಲ.

ಆಫೀಸಿನ ಹುಡುಗ ಸ್ವೆಟರ್ ಹಾಕಿಕೊಂಡು ಚೇಂಬರಿನ ಬಾಗಿಲು ತೆರೆದ. ಕಾಕಾ ಮೇಲಿನ ಬಾಕ್ಸಿನ ಟೇಪು ಕಿತ್ತು, ಒಂದು ಮುಷ್ಟಿ ಮಣೂಕ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ಅಂಗೈ ಅಗಲಿಸಿ ನೋಡಿದರು.